ಸಾವಕಾಶ ಧಾರವಾಡಕ್ಕೆ

ವಿದ್ಯಾನಗರದ ರಾಜೇಶ್ವರಿಗೆ ತನ್ನನ್ನು ದಾಟಿಕೊಂಡು ಯಾರಾದರೂ ಮುಂದೆ ಹೋದರೆ ಮೈ ಉರಿಯುತ್ತದೆ. ಹುಟ್ಟಿದ್ದೇ ಹಾಗೆ. ಸಂತೆಯಲ್ಲಿ ಎಳೆಯ ಮೆಂತ್ಯದ ಸಿವುಡಿನ ಮೇಲೆ ಮೊದಲು ಅವಳ ಕೈಯೇ ಬೀಳಬೇಕು, ಮದುವೆ ಊಟದ ಮೊದಲ ಪಂಕ್ತಿಯಲ್ಲಿ ಅವಳ ಎಲೆ ಇರಬೇಕು, ಬಸ್ಸು ನಿಲ್ಲುವ ಮೊದಲೇ ಅವಳು ಬಾಗಿಲಲ್ಲಿ ನಿಂತಿರಬೇಕು. ಇಳಿದ ಮೇಲೆ ಅಂಥ ಅವಸರದ ಕೆಲಸವೇನೂ ಇರುವುದಿಲ್ಲ, ಆ ಮಾತು ಬೇರೆ. ಇಂಥವಳಿಗೆ ನಲವತ್ತೇಳನೆಯ ವಯಸ್ಸಿನಲ್ಲಿ ಒಂದು ಪರೀಕ್ಷೆ ಬಂತು. ಹುಬ್ಬಳ್ಳಿಯಿಂದ ಧಾರವಾಡದವರೆಗೆ ಓಡಬೇಕು, ಆದರೆ ದಾರಿಯುದ್ದಕ್ಕೂ ಮುಂದೆ ಹೋಗುವವರನ್ನೆಲ್ಲ ಸುಮ್ಮನೆ ಹೋಗಲು ಬಿಡಬೇಕು.

ಓಟದ ಹುಚ್ಚು ಹತ್ತಿದ್ದು ಗಂಡನ ಸಕ್ಕರೆ ಕಾಯಿಲೆಯಿಂದ. ಗಂಡ ಶಂಭುಲಿಂಗ ಹತ್ತಿ ವ್ಯಾಪಾರಿ, ಕೂತಲ್ಲಿಂದ ಏಳದ ಆಸಾಮಿ. ದಿನಾ ನಡೆಯಲೇಬೇಕು ಎಂದು ಡಾಕ್ಟರು ಗದರಿದ್ದರಿಂದ ಗಂಡ ಹೆಂಡತಿ ಬೆಳಿಗ್ಗೆ ಉಣಕಲ್ ಕೆರೆಯ ದಂಡೆಗೆ ಹೋಗತೊಡಗಿದರು. ವಾರ ಕಳೆಯುವುದರೊಳಗೆ ಶಂಭುಲಿಂಗನಿಗೆ ಅಲ್ಲೊಂದು ಬೆಂಚು ಸಿಕ್ಕಿತು, ಬೆಂಚಿನ ಪಕ್ಕದ ಚಹಾದ ಗಾಡಿಯೂ ಸಿಕ್ಕಿತು. ರಾಜೇಶ್ವರಿ ಒಬ್ಬಳೇ ನಡೆದಳು. ಒಂದು ದಿನ ಹಿಂದಿನಿಂದ ಓಡುತ್ತ ಬಂದ ಹೆಂಗಸೊಬ್ಬಳು ಅವಳನ್ನು ದಾಟಿ ಹೋದಳು. ಸಲ್ವಾರ್ ಕಮೀಜು, ಹೆಗಲಿನಿಂದ ಸೊಂಟಕ್ಕೆ ಬಿಗಿದ ದುಪಟ್ಟಾ, ತಲೆ ತುಂಬ ಬಿಳಿಗೂದಲು. ತನಗಿಂತ ಹತ್ತು ವರ್ಷವಾದರೂ ದೊಡ್ಡವಳು! ರಾಜೇಶ್ವರಿ ಸೆರಗು ಸಿಕ್ಕಿಸಿ ಬೆನ್ನು ಹತ್ತಿದಳು. ಸ್ವಲ್ಪ ದೂರದಲ್ಲೇ ಎದೆ ಬಾಯಿಗೆ ಬಂದು ಕಟ್ಟೆಯ ಮೇಲೆ ಕುಸಿದಳು. ಆ ಹೆಂಗಸು ತಿರುಗಿ ಬಂದು ಅವಳ ಬೆನ್ನು ತಟ್ಟಿದಳು.

“ಛಲೋ ಓಡ್ತೀ. ಉಸರ ಬಿಡೂದಷ್ಟ ಮರತೀ.”

ಅವಳೇ ಗೋಪನಕೊಪ್ಪದ ಗುಲ್ಜಾರಬಿ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಆಟ ಕಲಿಸಿ ನಿವೃತ್ತಳಾದವಳು, ಪೂರ್ತಿ ಮ್ಯಾರಥಾನನ್ನು ಹಲವು ಸಲ ಓಡಿ ಬಂದವಳು. ಮರುದಿನದಿಂದ ರಾಜೇಶ್ವರಿ ಅವಳ ಶಿಷ್ಯೆಯಾದಳು. ಸೀರೆ ಹೋಗಿ ಟೀ ಶರ್ಟು, ಪ್ಯಾಂಟು ಬಂತು. ಅಕ್ಕಪಕ್ಕದವರು ಮೊದಮೊದಲು ಗೇಟಿಗೆ ಬಂದು ನೋಡಿದರು, ಆಮೇಲೆ ಅವರಿಗೇ ಬೇಸರ ಬಂತು. ರಾಜೇಶ್ವರಿಗೆ ಮಾತ್ರ ದಿನದಿನಕ್ಕೂ ಹುರುಪು ಏರಿತು. ಮನೆಯಲ್ಲಿ ಅವಳು ಮಾಡಿದ ರೊಟ್ಟಿ ಎಲ್ಲರ ಹೊಟ್ಟೆಗೆ ಹೋಗುತ್ತಿತ್ತು, ಒಗೆದ ಬಟ್ಟೆ ಎಲ್ಲರ ಮೈ ಏರುತ್ತಿತ್ತು. ಓಡಿದ ದಾರಿಯೊಂದು ಪೂರಾ ಅವಳದೇ ಆಗಿ ಉಳಿಯುತ್ತಿತ್ತು. ಅದಕ್ಕೇ ಅವಳಿಗೆ ಪೂರ್ತಿ ಮ್ಯಾರಥಾನ್ ಬೇಕಾಯಿತು. ಜನವರಿಯಲ್ಲಿ ಗುಲ್ಜಾರಬಿಯ ಜೊತೆ ಮುಂಬೈಗೆ ಹೋಗಿ ಓಡಿಯೇ ಓಡುತ್ತೇನೆಂದು ಹಟ ಹಿಡಿದಳು.

ಹಟವೇ ಅಡ್ಡ ಬಂತು. ಮಳೆಗಾಲದಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಕೆರೆಯ ದಂಡೆಯಲ್ಲಿ ಅವಳನ್ನು ಹಿಂದೆ ಹಾಕಿದಳು. ರಾಜೇಶ್ವರಿ ಬಿಟ್ಟಾಳೆಯೇ? ಹುಡುಗಿಯನ್ನು ಹಿಂದಿಕ್ಕಿದಳು, ಮೀನಖಂಡವನ್ನು ಹರಿದುಕೊಂಡಳು, ತಿಂಗಳೊಪ್ಪತ್ತು ಕಾಲಿಗೆ ಶಾಖ ಕೊಟ್ಟುಕೊಳ್ಳುತ್ತ ಮನೆಯಲ್ಲಿ ಬಿದ್ದುಕೊಂಡಳು. ಗುಲ್ಜಾರಬಿ ನೋಡಲು ಬಂದವಳು ಸಿಟ್ಟಿನಿಂದಲೇ ಹೇಳಿದಳು.

“ನಲವತ್ತೆರಡು ಕಿಲೋಮೀಟರ್ ಓಡಾಕ ಕಾಲು ಬೇಕು, ಅದರ ಮ್ಯಾಲ ತೆಲಿ ಬೇಕು. ನಿನಗ ಕಾಲಷ್ಟ ಅದಾವು. ನವೆಂಬರದಾಗ ಹುಬ್ಬಳ್ಳಿಯಿಂದ ಧಾರವಾಡಕ್ಕ ಅರ್ಧಾ ಮ್ಯಾರಥಾನ್ ಐತಿ. ಧಾರವಾಡ ಮುಟ್ಟಿ ಮತ್ತ ಹೊಳ್ಳಿ ಹುಬ್ಬಳ್ಳಿಗೆ ಓಡೂದೈತಿ ಅಂತ ತಿಳಕೊಂಡು ಓಡು. ಸಾವಕಾಶ. ಒಬ್ಬರ ಬೆನ್ನ ಹತ್ತಿದಿ ಅಂದ್ರ ಮುಂಬೈ ಮರತಬಿಡು. ನಾ ನಿನ್ನ ಕರಕೊಂಡು ಹೋಗೂದಿಲ್ಲ.”

ಎರಡೂ ಊರಿನವರಿಗೆ ಮ್ಯಾರಥಾನಿನ ಲೆಕ್ಕ ಹೇಳಿಕೊಡುವುದು ಸುಲಭ. ಇಲ್ಲಿಂದ ಅಲ್ಲಿಗೆ ಓಡಿದರೆ ಅರ್ಧ, ಓಡುತ್ತಲೇ ತಿರುಗಿ ಬಂದರೆ ಪೂರ್ತಿ. ಆದರೆ ಶಂಭುಲಿಂಗನಿಗೆ ಈ ಲೆಕ್ಕ ತಲೆಗೆ ಹತ್ತಲಿಲ್ಲ. ಓಟವೆಂದರೆ ಓಟ, ಅದರಲ್ಲಿ ಸಾವಕಾಶ ಎಂಥದು? ಹತ್ತಿ ಮಾರುಕಟ್ಟೆಯ ತುಂಬ ಅವನು ಆಗಲೇ ಸಾರಿಬಿಟ್ಟಿದ್ದ, “ಹೆಣ್ಣಮಕ್ಕಳಾಗ ನಮ್ಮಾಕಿನ ಫಸ್ಟ್” ಎಂದು.

ಓಟದ ಭಾನುವಾರ ಬೆಳಕು ಹರಿಯುವ ಹೊತ್ತಿಗೇ ನೆಹರೂ ಮೈದಾನದಲ್ಲಿ ಜಾತ್ರೆಯಷ್ಟು ಜನ. ಕುಣಿಯುವವರು, ಕಾಲು ಝಾಡಿಸುವವರು, ಫೋಟೊ ತೆಗೆಸಿಕೊಳ್ಳುವವರು. ರಾಜೇಶ್ವರಿ ಗುಲ್ಜಾರಬಿಯ ಪಕ್ಕದಲ್ಲಿ ನಿಂತು ಬೂಟಿನ ದಾರ ಬಿಗಿದಳು. ಓಟ ಶುರುವಾದದ್ದೇ ತಡ, ಇಡೀ ಹುಬ್ಬಳ್ಳಿ ಅವಳನ್ನು ದಾಟಿ ಹೋಯಿತು. ಹೊಟ್ಟೆ ಬಂದವರು ಹೋದರು, ಹಾಡು ಕೇಳುತ್ತ ಹುಡುಗರು ಹೋದರು, ಒಬ್ಬ ಮಹಾಶಯ ಫೋನಿನಲ್ಲಿ ಮಾತಾಡುತ್ತಲೇ ಹೋದ. ರಾಜೇಶ್ವರಿ ಹಲ್ಲು ಕಚ್ಚಿಕೊಂಡು ಗುಲ್ಜಾರಬಿಯ ಹೆಜ್ಜೆಗೆ ಹೆಜ್ಜೆ ಹಾಕಿದಳು.

“ಟೀಚರ್, ಅಂವಾ ಫೋನಿನಾಗ ಮಾತಾಡಕೋತ ಹೊಂಟಾನ್ರಿ!”

“ಮಾತಾಡ್ಲಿ. ನವಲೂರದಾಗ ಸಿಗ್ತಾನ.”

ಉಣಕಲ್ ಬಂದಾಗ ಮೊದಲ ಸಲ ಗಂಡನ ದನಿ ಕೇಳಿತು. ಅವನು ರಸ್ತೆಯ ನಡುವಿನ ಬಸ್ಸಿನ ಹಾದಿಯಲ್ಲಿ ಓಡುವ ಚಿಗರಿ ಬಸ್ಸು ಹಿಡಿದು ಅವಳಿಗಿಂತ ಮೊದಲೇ ಬಂದು, ನಿಲ್ದಾಣದಿಂದ ರಸ್ತೆಯಂಚಿಗೆ ಓಡಿಬಂದು ನಿಂತಿದ್ದ. “ಏ ರಾಜೀ, ಲಗೂ ಓಡ! ಮುಂದ ಹದಿನೈದು ಹೆಣ್ಣಮಕ್ಕಳ ಹೋಗ್ಯಾರ!” ಎಂದು ಕೂಗಿದ. ಭೈರಿದೇವರಕೊಪ್ಪದಲ್ಲಿ ಮತ್ತೆ ಅವನೇ. ನವನಗರದಲ್ಲೂ ಅವನೇ. ಒಂದೊಂದು ನಿಲ್ದಾಣಕ್ಕೂ ಅವನ ದನಿ ದೊಡ್ಡದಾಗುತ್ತ ಹೋಯಿತು, ಲೆಕ್ಕವೂ ಬೆಳೆಯಿತು. ರಾಯಾಪುರದಲ್ಲಿ, “ಮಾರ್ಕೆಟ್ಟಿನ ಮಂದಿಗೆ ನಾ ಏನ್ ಹೇಳ್ಲಿ?” ಎಂದು ಕೈ ಜೋಡಿಸಿದಾಗ ರಾಜೇಶ್ವರಿಯ ಕಾಲಿಗೆ ರೆಕ್ಕೆ ಬಂದಂತಾಯಿತು. ಎದುರಿಗೇ ನೇರಳೆ ಬಣ್ಣದ ಟೀ ಶರ್ಟಿನ ಹೆಂಗಸೊಬ್ಬಳು ಏದುಸಿರು ಬಿಡುತ್ತಿದ್ದಳು. ನಾಲ್ಕು ದೊಡ್ಡ ಹೆಜ್ಜೆ ಹಾಕಿದ್ದರೆ ದಾಟಿಯೇಬಿಡುತ್ತಿದ್ದಳು. ಪಕ್ಕಕ್ಕೆ ನೋಡಿದಳು. ಗುಲ್ಜಾರಬಿ ರಸ್ತೆಯನ್ನೇ ನೋಡುತ್ತ ಓಡುತ್ತಿದ್ದಳು. ರಾಜೇಶ್ವರಿ ಹೆಜ್ಜೆ ಕಿರಿದು ಮಾಡಿದಳು. ಸಂಕಟವಾಯಿತು, ಹೊಟ್ಟೆಕಿಚ್ಚೂ ಆಯಿತು.

ಸತ್ತೂರು ದಾಟಿ ನವಲೂರಿನ ಏರು ಬಂತು. ಅಲ್ಲಿ ನೋಡಬೇಕಿತ್ತು! ಉಣಕಲ್ಲಿನಲ್ಲಿ ಗಾಳಿಯಾಗಿದ್ದ ಹುಡುಗರು ಸೊಂಟದ ಮೇಲೆ ಕೈಯಿಟ್ಟು ನಡೆಯುತ್ತಿದ್ದರು. ಫೋನಿನ ಮಹಾಶಯ ಕಲ್ಲಿನ ಮೇಲೆ ಕೂತು ಬೂಟು ಬಿಚ್ಚುತ್ತಿದ್ದ. ನೇರಳೆ ಟೀ ಶರ್ಟೂ ಹಿಂದೆ ಬಿತ್ತು. ರಾಜೇಶ್ವರಿ ಒಂದಿಷ್ಟೂ ಜೋರು ಮಾಡಿರಲಿಲ್ಲ, ಬಂದ ಹೆಜ್ಜೆಯಲ್ಲೇ ಬರುತ್ತಿದ್ದಳು, ಜನ ತಾವಾಗಿಯೇ ಹಿಂದೆ ಸರಿಯುತ್ತಿದ್ದರು. ಮೈಯೊಳಗೆ ಇನ್ನೂ ಕಸುವಿದೆ ಎಂದು ತಿಳಿದು ಅವಳಿಗೆ ನಗು ತಡೆಯಲಾಗಲಿಲ್ಲ. ಏರಿನ ನೆತ್ತಿಯಲ್ಲಿ ಇಬ್ಬರೂ ಹುಡುಗಿಯರಂತೆ ನಕ್ಕರು.

ಧಾರವಾಡದ ಟೋಲ್ ನಾಕಾ ಕಂಡಿತು. ಅಲ್ಲಿ ರಸ್ತೆಯ ನಡುವೆಯೇ ಕೈ ಅಗಲಿಸಿ ನಿಂತವಳು ಅವಳ ತಾಯಿ ದಾನವ್ವ!

ರಾಜೇಶ್ವರಿಯ ತವರು ಉಪ್ಪಿನಬೆಟಗೇರಿ. ಮಗಳು ಹುಬ್ಬಳ್ಳಿಯಿಂದ ಧಾರವಾಡಕ್ಕೆ ಕಾಲಿನ ಮೇಲೆ ಬರುತ್ತಾಳೆಂಬ ಸುದ್ದಿ ದಾನವ್ವನಿಗೆ ಮುಟ್ಟಿತ್ತು. ತವರಿನ ಸೀಮೆಗೆ ಬಂದ ಮಗಳನ್ನು ಉಡಿ ತುಂಬದೆ ತಿರುಗಿ ಕಳಿಸುವುದುಂಟೇ? ಮಗ ಗುರುಪಾದನ ಗಾಡಿಯಲ್ಲಿ ಸೊಸೆ ಭಾಗ್ಯಶ್ರೀಯನ್ನೂ ಓಣಿಯ ನಾಲ್ವರು ಮುತ್ತೈದೆಯರನ್ನೂ ಕೂರಿಸಿಕೊಂಡು, ಅಕ್ಕಿ, ಕಾಯಿ, ರವಿಕೆ ಖಣದ ಬುಟ್ಟಿಯ ಸಮೇತ ಬಂದು ನಿಂತಿದ್ದಳು.

“ಅವ್ವಾ, ನಿಲ್ಲೂಹಂಗಿಲ್ಲ! ಇನ್ನೂ ಓಡೂದೈತಿ!”

“ಉಡಿ ತುಂಬಿಸ್ಕೊಂಡು ಓಡು. ಯಾರ ಬ್ಯಾಡ ಅಂದಾರು?”

ರಾಜೇಶ್ವರಿ ಗುಲ್ಜಾರಬಿಯ ಮುಖ ನೋಡಿದಳು. ಮುಂಬೈ ಹೋದರೆ ಹೋಯಿತು, ಅವ್ವನ ಕೈ ದಾಟಿ ಹೋಗಲು ಅವಳಿಂದಾಗಲಿಲ್ಲ. ನಿಂತಳು. ಭಾಗ್ಯಶ್ರೀ, “ಯಕ್ಕಾ, ಸೆರಗ ಒಡ್ಡ್ರಿ,” ಎಂದು ಅಕ್ಕಿ ಹಿಡಿದಳು. ಸೆರಗೆಲ್ಲಿದೆ? ಟೀ ಶರ್ಟಿನ ಅಂಚನ್ನೇ ಎತ್ತಿ ಒಡ್ಡಿದಳು. ಎದೆಯ ಮೇಲಿನ ನಂಬರಿನ ಚೀಟಿಯ ಮೇಲೆ ಅಕ್ಕಿ ಸುರಿಯಿತು. ಅಷ್ಟರಲ್ಲಿ ಬಸ್ಸಿನಿಂದಿಳಿದ ಶಂಭುಲಿಂಗ ಇದನ್ನು ನೋಡಿ ತಲೆಯ ಮೇಲೆ ಕೈ ಹೊತ್ತುಕೊಂಡ. ದಾನವ್ವ ಅವನ ಕಡೆ ತಿರುಗಿದಳು.

“ಅಳಿಯಂದ್ರ, ನೀವು ಬಸ್ಸಿನ್ಯಾಗ ಕುಂತ ಬಂದು ನನ್ನ ಮಗಳನ್ನ ಓಡಿಸ್ಕೋತ ತಂದ್ರೇನು?”

ಶಂಭುಲಿಂಗ ಮುಂದೆ ಬಂದು ಕಾಯಿಯ ಬುಟ್ಟಿ ಹಿಡಿದುಕೊಂಡ. ಮದುವೆಯಾಗಿ ಇಷ್ಟು ವರ್ಷಕ್ಕೆ ಅವನು ಬುಟ್ಟಿ ಹಿಡಿದದ್ದನ್ನು ರಾಜೇಶ್ವರಿ ನೋಡಿದ್ದು ಅದೇ ಮೊದಲು. ದಾನವ್ವ ಗುಲ್ಜಾರಬಿಯನ್ನೂ ಬಿಡಲಿಲ್ಲ. “ನನ್ನ ಮಗಳ ಜೋಡಿ ಬಂದಾಕಿನ್ನ ಬರೇ ಉಡೀಲೆ ಕಳಸಲೇನು?” ಎಂದು ಅವಳ ಉಡಿಯನ್ನೂ ತುಂಬಿಸಿದಳು. ಕೊನೆಗೆ ಎರಡೂ ಉಡಿಯ ಅಕ್ಕಿ, ಕಾಯಿ ಗುಲ್ಜಾರಬಿಯ ದುಪಟ್ಟಾದ ಎರಡು ತುದಿಗೆ ಗಂಟಾದವು.

ಈ ನಡುವೆ ನೇರಳೆ ಟೀ ಶರ್ಟಿನವಳು ದಾಟಿ ಹೋದಳು. ಅವಳ ಹಿಂದೆ ಇನ್ನಿಬ್ಬರು ಹೋದರು. ರಾಜೇಶ್ವರಿ ಮತ್ತೆ ಹೆಜ್ಜೆ ಎತ್ತಿದಾಗ ಮೀನಖಂಡ ಕಲ್ಲಾಗಿತ್ತು, ನಿಧಾನಕ್ಕೆ ಸಡಿಲಾಯಿತು. ಜುಬಿಲಿ ಸರ್ಕಲ್ಲಿಗೆ ಬರುವಾಗ ಮೈ ಮತ್ತೆ ಹಗುರಾಗಿತ್ತು. ಡೊಳ್ಳು ಬಡಿಯುತ್ತಿತ್ತು, ಜನ ಕೇಕೆ ಹಾಕುತ್ತಿದ್ದರು. ಮುಂದೆ ಆ ಮೂವರೂ ಕಣ್ಣಿಗೆ ಕಾಣುತ್ತಿದ್ದರು. ಕಾಲೊಳಗೆ ಬೇಕಾದಷ್ಟು ಕಸುವು ಇತ್ತು, ಹಿಡಿದೇ ಹಿಡಿಯುತ್ತಿದ್ದಳು. ಹುಟ್ಟಿದಾಗಿನಿಂದ ಬಂದ ಗುಣ ಒಳಗೆ ಒದ್ದಾಡಿತು. ರಾಜೇಶ್ವರಿ ಅದನ್ನು ಒದ್ದಾಡಲು ಬಿಟ್ಟು, ಹೆಜ್ಜೆಯನ್ನು ಮಾತ್ರ ಬದಲಿಸಲಿಲ್ಲ. ಮೂವರ ಹಿಂದೆಯೇ ಕಾಲೇಜು ಮೈದಾನದ ಕೊನೆಯ ಗೆರೆ ದಾಟಿದಳು.

ಕೊರಳಿಗೆ ಪದಕ ಬಿತ್ತು. ಅದನ್ನು ಅವಳು ನೋಡಲೂ ಇಲ್ಲ.

“ನಿಂತಿ,” ಎಂದಳು ಗುಲ್ಜಾರಬಿ.

“ಅವ್ವ ನಿಂದರಿಸಿದ್ರ ಹೆಂಗ ಹೋಗ್ಲಿ ಟೀಚರ್?”

“ನಿಂತದ್ದಕ್ಕ ನಾ ಏನೂ ಅನ್ನೂದಿಲ್ಲ. ಆಮ್ಯಾಲ ಆ ಮೂವರ ಬೆನ್ನ ಹತ್ತತೀಯೇನು ಅಂತ ನೋಡಾಕತ್ತಿದ್ದೆ. ಈಗ ಖರೇ ಹೇಳು. ಹೊಳ್ಳಿ ಹುಬ್ಬಳ್ಳಿಗೆ ಓಡು ಅಂದ್ರ ಓಡ್ತೀ?”

ಓಡುತ್ತೇನೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ರಾಜೇಶ್ವರಿ ಅದನ್ನು ನುಂಗಿ, ತನ್ನ ಕಾಲನ್ನು, ಎದೆಯನ್ನು ಒಂದು ಗಳಿಗೆ ವಿಚಾರಿಸಿಕೊಂಡಳು.

“ಉಣಕಲ್ ತನಕ ಖಾತ್ರಿ ಐತ್ರಿ. ಅದರ ಮುಂದ ಗೊತ್ತಿಲ್ಲ.”

ಗುಲ್ಜಾರಬಿಯ ಮುಖ ಅರಳಿತು. “ಹಂಗಾರ ಮುಂಬೈಗೆ ಹೋಗೂಣು. ಉಳದದ್ದು ಎರಡ ತಿಂಗಳದಾಗ ಮಾಡೂಣು,” ಎಂದಳು.

ರಾಜೇಶ್ವರಿ ಹಾಕಿದ ಕೂಗಿಗೆ ಮೈದಾನದ ಅರ್ಧ ಜನ ತಿರುಗಿ ನೋಡಿದರು. ಗುಲ್ಜಾರಬಿಯನ್ನು ಅಪ್ಪಿ ಎತ್ತಿಯೇಬಿಟ್ಟಳು. ಶಂಭುಲಿಂಗನ ಫೋನು ಬಡಿದುಕೊಳ್ಳುತ್ತಿತ್ತು. ಮಾರುಕಟ್ಟೆಯವರು ಎಷ್ಟನೆಯ ನಂಬರೆಂದು ಕೇಳುತ್ತಿದ್ದರು. ಅವನು ಹೆಂಡತಿಯನ್ನು ಒಮ್ಮೆ ನೋಡಿ, “ಜನೆವರ್ಯಾಗ ಕೇಳ್ರಿ,” ಎಂದು ಫೋನು ಇಟ್ಟ.

ಅಷ್ಟರಲ್ಲಿ ದಾನವ್ವ ಮಗನ ತೋಳು ಹಿಡಿದುಕೊಂಡು ಬಂದಳು. ಮಗಳ ಬೆವರಿದ ಮುಖವನ್ನು ಸೆರಗಿನಿಂದ ಒರೆಸಿದಳು.

“ಇನ್ನ ಮುಗೀತಿಲ್ಲೋ?”

“ಇಲ್ಲವ್ವಾ. ಜನೆವರ್ಯಾಗ ಮುಂಬೈದಾಗ ಇದರ ಎರಡರಷ್ಟು ಓಡೂದೈತಿ.”

ದಾನವ್ವ ಬೈಯುತ್ತಾಳೆಂದು ಎಲ್ಲರೂ ಕಾದರು. ಅವಳು ಬೈಯಲಿಲ್ಲ. ಬಾಗಿ ಮಗಳ ಮೀನಖಂಡವನ್ನು ಒತ್ತಿ ನೋಡಿದಳು.

“ಅಷ್ಟ ದೂರ ಓಡತೀ. ಅಲ್ಲಿ ದಾರಿ ಮ್ಯಾಲ ನಿನಗಂತ ಯಾರು ನಿಂತಿರತಾರ?”

“ಯಾರೂ ಇಲ್ಲವ್ವಾ. ಅಲ್ಲಿ ನಮ್ಮವರು ಯಾರ ಅದಾರ?”

“ಹಂಗಾದ್ರ ನನಗೂ ಒಂದ ಟಿಕೀಟ ತಗಸು.”

ಧಾರವಾಡ ಜಿಲ್ಲೆ ದಾಟದ ಮುದುಕಿ ಇದನ್ನು ಹೊಲಕ್ಕೆ ಹೋಗಿ ಬರುತ್ತೇನೆ ಎಂಬಷ್ಟು ಸಲೀಸಾಗಿ ಹೇಳಿದಳು. ದಾರಿಯುದ್ದಕ್ಕೂ ಹಲ್ಲು ಕಚ್ಚಿ ತಡೆದುಕೊಂಡು ಬಂದಿದ್ದ ರಾಜೇಶ್ವರಿಗೆ ಈಗ ತಡೆಯಲಾಗಲಿಲ್ಲ. ಅವ್ವನ ಹೆಗಲಿಗೆ ತಲೆ ಇಟ್ಟು ಮೈದಾನದ ನಡುವೆಯೇ ಜೋರಾಗಿ ಅತ್ತಳು. ಗುರುಪಾದ ಫೋನು ತೆಗೆದು ಮುಂಬೈ ರೈಲಿನ ಹೊತ್ತು ನೋಡತೊಡಗಿದ.