ಲೈಟ್ ಹಾಕಿದರೆ ಏರುವ ಮುಳ್ಳು

ಗೆಳೆಯರೇ, ಇವತ್ತು ಮುಂಜಾನೆ ಸಿಂಧನೂರಿನಿಂದ ಲಿಂಗಸುಗೂರಿಗೆ ಕಾರಿನಲ್ಲಿ ಹೊರಟಿದ್ದೆವು. ಹತ್ತು ಗಂಟೆಗೆ ನನ್ನ ಹೆಂಡತಿ ಗಿರಿಜಾಳಿಗೆ ಕೆಲಸದ ಸಂದರ್ಶನವಿತ್ತು. ಮಂಜು ಕವಿದಿದ್ದರಿಂದ ಹೆಡ್‌ಲೈಟ್ ಹಾಕಿದೆ. ಮಸ್ಕಿ ಹತ್ತಿರ ಇಂಜಿನ್ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿತು. ಗಾಬರಿಯಾಗಿ ನಿಲ್ಲಿಸಿದೆ.

ಗಿರಿಜಾ ಎರಡು ಸಲ ಲೈಟ್ ಹಾಕಿ, ಆರಿಸಿ ನೋಡಿದಳು. "ಲೈಟ್ ಹಾಕಿದಾಗಷ್ಟ ಮುಳ್ಳು ಏರತೈತ್ರಿ. ಇಂಜಿನ್ ಕಾದಿಲ್ಲ, ವೈರಿಂದು ಏನೋ ಐತಿ."

"ನಿನಗೇನ್ ತಿಳೀತೈತಿ? ಸುಮ್ನ ಕುಂದ್ರು," ಎಂದೆ.

ಅವಳು ಕೂರಲಿಲ್ಲ. ಸಂದರ್ಶನಕ್ಕೆ ತಡವಾದೀತೆಂದು, ಹಿಂದಿನಿಂದ ಬಂದ ಲಿಂಗಸುಗೂರು ಬಸ್ಸಿಗೆ ಕೈ ಮಾಡಿ ಹತ್ತಿ ಹೋದಳು.

ಅರ್ಧ ತಾಸು ಇಂಜಿನ್ ತಣ್ಣಗಾಗಲು ಬಿಟ್ಟು, ಮೆಲ್ಲಗೆ ಮಸ್ಕಿಯ ಎಲೆಕ್ಟ್ರಿಷಿಯನ್ ಬಸಣ್ಣನ ಅಂಗಡಿ ಸೇರಿದೆ. "ಲೈಟ್ ಹಾಕಿದಾಗಷ್ಟ ಮುಳ್ಳು ಏರತೈತಿ," ಎಂದು ನಾನೇ ಕಂಡುಹಿಡಿದವನಂತೆ ಹೇಳಿದೆ. ಅವನು ಬ್ಯಾಟರಿಯಿಂದ ಕಾರಿನ ಬಾಡಿಯ ಕಬ್ಬಿಣಕ್ಕೆ ಒಂದು ವೈರ್ ಹಿಡಿದ ಕೂಡಲೇ ಮುಳ್ಳು ಇಳಿಯಿತು.

"ಅರ್ಥ್ ವೈರಿನ ಬೋಲ್ಟಿಗೆ ಜಂಗ್, ಅಂದ್ರ ತುಕ್ಕು ಹಿಡದೈತ್ರಿ. ಲೈಟ್ ಹಾಕಿದ್ರ ಕರೆಂಟ್ ಸರಿಯಾಗಿ ವಾಪಸ್ ಹೋಗಂಗಿಲ್ಲ, ಅದಕ್ಕ ಮೀಟರ್ ಸುಳ್ಳು ಹೇಳಾಕತ್ತಿತ್ತು. ನೀವು ಭಾಳ ಶಾಣ್ಯಾ ಅದೀರಿ, ಇಷ್ಟು ಯಾರೂ ನೋಡಂಗಿಲ್ರಿ!"

ನಾನು ಸುಮ್ಮನೆ ನಕ್ಕೆ.

ಗಿರಿಜಾ ವೇಳೆಗೆ ಮುಟ್ಟಿದಳು, ಕೆಲಸವೂ ಸಿಕ್ಕಿತು. ಅವಳನ್ನು ಕರೆದುಕೊಂಡು ವಾಪಸು ಬರುವಾಗ ಬಸಣ್ಣನ ಹೊಗಳಿಕೆಯ ವಿಷಯ ಹೇಳಲು ಧೈರ್ಯ ಬರಲಿಲ್ಲ. ಇಲ್ಲಿ ಬರೆದದ್ದನ್ನೆಲ್ಲ ಅವಳು ಓದುತ್ತಾಳೆ. ಅದಕ್ಕೇ ಇಲ್ಲಿ ಬರೆದಿದ್ದೇನೆ.