ಪ್ಲೇಟಣ್ಣ ಮಾರದೆ ಇಟ್ಟುಕೊಂಡ ದನಿ

ಬೆಳಗಿನ ಐದೂವರೆ. ಬೀದಿದೀಪ ಇನ್ನೂ ಆರಿಲ್ಲ. ಮುಚ್ಚಿಹೋದ ಪ್ರಿಂಟಿಂಗ್ ಪ್ರೆಸ್ಸಿನ ಪಕ್ಕದಲ್ಲಿ ಏಳು ಮೆಟ್ಟಿಲು ಕೆಳಗಿಳಿದರೆ ಒಂದು ಅಂಗಡಿ. ಅದರೊಳಗೆ ಎಪ್ಪತ್ತೊಂದು ವರ್ಷದ ಹಿರಿಯರೊಬ್ಬರು ಬೇಸಿನ್ ಮುಂದೆ ಕುಕ್ಕರಗಾಲಲ್ಲಿ ಕೂತು ಹಾಡಿನ ತಟ್ಟೆ ತೊಳೆಯುತ್ತಿದ್ದಾರೆ. ಅಂಗೈ ತಾಗದ ಹಾಗೆ ಅಂಚು ಹಿಡಿದು, ಮೆತ್ತನೆಯ ಬಟ್ಟೆಯನ್ನು ಗೆರೆಗಳ ಜೊತೆಜೊತೆಗೇ ಸುತ್ತಿಸುತ್ತಾರೆ. ಅಡ್ಡಡ್ಡ ಉಜ್ಜುವುದಿಲ್ಲ. ಗ್ರಾಮಫೋನ್ ತಟ್ಟೆಗೆ ಜನ ಪ್ಲೇಟು ಅನ್ನುತ್ತಿದ್ದ ಕಾಲದವರು. ಹಾಗಾಗಿ ಸುತ್ತಲಿನವರಿಗೆಲ್ಲ ಇವರು ಪ್ಲೇಟಣ್ಣ.

ನಾಲ್ಕು ಪ್ಲೇಟು ತೊಳೆಯುವಷ್ಟರಲ್ಲಿ ಬೇಸಿನ್ನಿನ ನೀರು ಬೂದಿ ಬಣ್ಣಕ್ಕೆ ತಿರುಗುತ್ತದೆ. ‘ಇದು ಬರೀ ಧೂಳಲ್ಲ. ಆಯಾ ಮನೆಯವರ ಮೈಯಿಂದ ಉದುರಿದ್ದು. ಅವರಲ್ಲಿ ಮುಕ್ಕಾಲು ಪಾಲು ಈಗಿಲ್ಲ. ಅದಕ್ಕೇ ಚರಂಡಿಗೆ ಚೆಲ್ಲೋಕೆ ಮನಸ್ಸು ಬರಲ್ಲ, ಗಿಡಕ್ಕೆ ಹಾಕ್ತೀನಿ,’ ಅನ್ನುತ್ತಾರೆ ಪ್ಲೇಟಣ್ಣ.

‘ಆ ಗಿಡ ತಂದು ಎಷ್ಟೋ ವರ್ಷ ಆಯ್ತು, ಒಂದು ಮೊಗ್ಗು ಬಿಟ್ಟಿಲ್ಲ. ಪಾಪ, ಹೆದರ್ಕೊಂಡಿರಬೇಕು,’ ಅನ್ನುತ್ತಾರೆ ಒಳಗಿನಿಂದ ಅವರ ಹೆಂಡತಿ.

ತೊಳೆದು ಒರೆಸಿದ ಪ್ಲೇಟನ್ನು ಎರಡೂ ಬದಿ ಪೂರ್ತಿ ಕೇಳದೆ ಇವರು ಯಾರಿಗೂ ಮಾರುವುದಿಲ್ಲ. ಕೇಳುವಾಗ ದೀಪ ಆರಿಸುತ್ತಾರೆ. ಕಣ್ಣು ತೆರೆದಿದ್ದರೆ ಕಿವಿ ಸೋಮಾರಿಯಾಗುತ್ತದಂತೆ. ಆ ಹೊತ್ತಿಗೆ ಮೆಟ್ಟಿಲಿಳಿದು ಬಂದವರಿಗೆ ಏನೂ ಕಾಣದು. ಕತ್ತಲೊಳಗೆ ಯಾವಳೋ ಹಾಡುತ್ತಾಳೆ, ಹಾಡು ಮುಗಿದರೂ ಯಾರೋ ಉಸಿರೆಳೆದ ಹಾಗೆ ಸೂಜಿ ಸುತ್ತುತ್ತಲೇ ಇರುತ್ತದೆ. ಹಾಲಿನವನು ಮೂರನೇ ಮೆಟ್ಟಿಲಿಗಿಂತ ಕೆಳಗೆ ಇಳಿದದ್ದೇ ಇಲ್ಲ. ಪ್ಯಾಕೆಟ್ಟು ಅಲ್ಲೇ ಇಟ್ಟು, ‘ಅಮ್ಮಾ, ಹಾಲು!’ ಎಂದು ಕೂಗಿ ಬಂದ ದಾರಿ ಹಿಡಿಯುತ್ತಾನೆ.

ಅಂಗಡಿಯಲ್ಲಿರುವುದು ನಾಲ್ಕು ಸಾವಿರದ ಆರುನೂರು ಪ್ಲೇಟು. ದಿನಕ್ಕೆ ತೊಳೆಯುವುದು ಹನ್ನೆರಡು. ಮಾರಾಟವಾಗುವುದು ಮೂರೋ ನಾಲ್ಕೋ. ವಾರದಲ್ಲಿ ಎರಡು ದಿನ ಬೋಣಿಯೂ ಆಗದು.

ಓದಿದ್ದು ಮೂರನೇ ಕ್ಲಾಸು. ಹದಿನೇಳಕ್ಕೆ ಮೈಕ್ ಸೆಟ್ ಬಾಡಿಗೆಗೆ ಕೊಡುವವರ ಬಳಿ ಸೇರಿದರು. ಸಮಾರಂಭಗಳಲ್ಲಿ ಪ್ಲೇಟು ಬದಲಿಸುವುದು, ಸೂಜಿ ಬದಲಿಸುವುದು ಕೆಲಸ. ಕ್ಯಾಸೆಟ್ಟು ಬಂದ ಮೇಲೆ ಮಾಲೀಕರು, ‘ಈ ಕರೀ ತಟ್ಟೆಗಳನ್ನೆಲ್ಲ ಹಳ್ಳಕ್ಕೆ ಸುರಿದು ಬಾ’ ಅಂದರು. ತಳ್ಳುಗಾಡಿ ಹೊರಟಿತು, ಆದರೆ ಹಳ್ಳದ ಕಡೆಗಲ್ಲ. ಮದುವೆಯಾಗಿ ಆರು ತಿಂಗಳಾಗಿದ್ದ ಹೆಂಡತಿ ಬಾಗಿಲಲ್ಲಿ ನಿಂತು ನೋಡಿದರು. ‘ಗಂಡಂದಿರು ಸವತಿ ತರ್ತಾರೆ ಅಂತ ಕೇಳಿದ್ದೆ. ಇವರು ಮುನ್ನೂರು ಜನಾನ ಒಟ್ಟಿಗೇ ಗಾಡೀಲಿ ಹಾಕ್ಕೊಂಡು ಬಂದ್ರು.’ ಮುಂದಿನ ಹದಿನೆಂಟು ವರ್ಷ ಮನೆಯ ಒಲೆ ಉರಿದದ್ದು ಅದೇ ಹೆಂಡತಿಯ ಹೊಲಿಗೆ ಯಂತ್ರದಿಂದ. ಮಕ್ಕಳಾಗಲಿಲ್ಲ. ಇಬ್ಬರೂ ಪ್ಲೇಟುಗಳ ನಡುವೆ ಒಂದು ಚಾಪೆಯಗಲ ಜಾಗ ಮಾಡಿಕೊಂಡು ಮಲಗಿದರು.

ಕಸುಬು ಕಲಿಸಿದವರು ಯಾರೂ ಇಲ್ಲ, ತಪ್ಪುಗಳೇ ಕಲಿಸಿದವು. ಒಮ್ಮೆ ಬೂಸಲು ಹಿಡಿದ ಹಳೇ ಅರಗಿನ ಪ್ಲೇಟನ್ನು ಹೊಳೆಯಲಿ ಎಂದು ಸ್ಪಿರಿಟ್ಟಿನಲ್ಲಿ ಒರೆಸಿದರು. ಅರಗು ಕರಗಿತು. ಗೆರೆಗಳೆಲ್ಲ ಮಾಯವಾಗಿ ಪ್ಲೇಟು ಕನ್ನಡಿಯಂತಾಯಿತು. ‘ಹಾಡ್ತಿದ್ದವಳ ಬಾಯನ್ನ ನನ್ನ ಕೈಯಾರೆ ಒರೆಸಿಹಾಕಿದೆ. ಅದರಲ್ಲಿ ನನ್ನ ಮುಖ ಕಾಣ್ತಿತ್ತು. ಮೂರು ದಿನ ಅನ್ನ ಸೇರಲಿಲ್ಲ.’

ಇನ್ನೊಂದು ತಪ್ಪನ್ನು ಅವರು ಹಟ ಅನ್ನುತ್ತಾರೆ. ಯಾವ ಪ್ಲೇಟನ್ನೂ ಕ್ಯಾಸೆಟ್ಟಿಗಾಗಲಿ ಮೊಬೈಲಿಗಾಗಲಿ ಇಳಿಸಿಕೊಟ್ಟವರಲ್ಲ. ‘ನಮ್ಮನ್ನ ಹಳ್ಳಕ್ಕೆ ಕಳಿಸಿದವರು ಆ ಕ್ಯಾಸೆಟ್ಟಿನವರು. ಅವರ ಕೈಗೆ ದನಿ ಕೊಡೋದಾ?’ ಈ ಹಟಕ್ಕೆ ಬೆಲೆ ತೆತ್ತದ್ದು ಬೇರೆ ಯಾರೋ.

ಏಳು ವರ್ಷದ ಹಿಂದೆ ಗುಜರಿಯವನು ಒಂದು ಮನೆ ಖಾಲಿ ಮಾಡಿಸಿ ತಂದ ಮೂಟೆಯಲ್ಲಿ ಲೇಬಲ್ಲೇ ಇಲ್ಲದ ಪ್ಲೇಟೊಂದಿತ್ತು. ನಡುವಿನ ತೂತಿನ ಪಕ್ಕದಲ್ಲೇ ಇನ್ನೊಂದು ಪುಟ್ಟ ತೂತು. ಅಂಥದ್ದು ಕಾರ್ಖಾನೆಯಲ್ಲಿ ಅಚ್ಚಾದದ್ದಲ್ಲ. ಹಿಂದೆ ಕೆಲವು ಫೋಟೋ ಸ್ಟುಡಿಯೋಗಳಲ್ಲಿ ಜನ ಕೂತು ಮಾತಾಡಿದರೆ ಅಲ್ಲೇ ಗೆರೆ ಕೊರೆದು ಕೊಡುತ್ತಿದ್ದರು. ಅಲ್ಯೂಮಿನಿಯಂ ತಗಡಿನ ಮೇಲೆ ಮೆತ್ತನೆಯ ಕಪ್ಪು ಲೇಪ. ಜಗತ್ತಿನಲ್ಲಿ ಅದೊಂದೇ ಪ್ರತಿ. ಪ್ರತಿ ಸಲ ಸೂಜಿ ಹರಿದಾಗಲೂ ಚೂರು ಲೇಪ ಎದ್ದುಹೋಗುತ್ತದೆ. ಪ್ಲೇಟಣ್ಣ ಉಕ್ಕಿನ ಸೂಜಿ ತೆಗೆದು, ಅದಕ್ಕಿಂತ ಮೆತ್ತಗಿನ ಜಾಲಿ ಮುಳ್ಳೊಂದನ್ನು ಚೂಪು ಮಾಡಿ ಸಿಕ್ಕಿಸಿ, ದೀಪ ಆರಿಸಿದರು.

‘ಪುಟ್ಟೀ, ಎದ್ದೆಯಾ?’ ಅಂದಿತು ಒಂದು ಹೆಣ್ಣು ದನಿ. ಆಮೇಲೆ ಸದ್ದಿಲ್ಲ. ಪ್ಲೇಟು ಕೆಟ್ಟಿದೆ ಅಂದುಕೊಳ್ಳುವಷ್ಟರಲ್ಲಿ, ‘ಜಾಣೆ. ಮುಖ ತೊಳೆದೆಯಾ?’ ಮತ್ತೆ ಮೌನ. ಒಂದು ಕೆಮ್ಮು. ‘ಅಪ್ಪನ್ನ ಕಾಡಿಸ್ತಿಲ್ಲ ತಾನೇ?’ ಪ್ರಶ್ನೆ ಕೇಳುವುದು, ಉತ್ತರಕ್ಕೆ ಕಾಯುವುದು, ಕೇಳಿಸಿಕೊಂಡವರ ಹಾಗೆ ನಗುವುದು. ಕೊನೆಗೆ ದನಿ ತಗ್ಗಿತು. ‘ನಿನ್ನ ಪಕ್ಕದಲ್ಲಿ ಯಾರು ಕೂತಿದ್ದಾರೆ ಈಗ?’

ಕತ್ತಲಲ್ಲಿ ಕೂತಿದ್ದ ಪ್ಲೇಟಣ್ಣ ಮುಂದಕ್ಕೆ ಬಾಗಿದರು. ‘ನಾನಮ್ಮಾ,’ ಅಂದುಬಿಟ್ಟರು.

‘ಹೌದಾ? ಹಾಗಿದ್ರೆ ಸರಿ,’ ಅಂದಿತು ಪ್ಲೇಟು.

ಅಂದಿನಿಂದ ಅದು ಮಾರಾಟದ ಕಪಾಟಿಗೆ ಹೋಗಲಿಲ್ಲ. ವಾರಕ್ಕೊಂದು ಸಲ, ಅಂಗಡಿಗೆ ರಜೆ ಇರುವ ಬೆಳಿಗ್ಗೆ, ಅದನ್ನು ಹಾಕಿ ಕೂರುವುದು ರೂಢಿಯಾಯಿತು. ಹೆಂಡತಿ ಮೊದಮೊದಲು ತಮಾಷೆ ಮಾಡಿದರು. ‘ಅವಳಿಗಾದ್ರೆ ಎಷ್ಟು ಸೊಗಸಾಗಿ ಉತ್ತರ ಕೊಡ್ತೀರಿ. ನಾನು ಕೇಳಿದ್ರೆ ಬರೀ ಹೂಂ.’ ಆಮೇಲೆ ಅವರೂ ಬಂದು ಪಕ್ಕದಲ್ಲಿ ಕೂತರು. ಕೂತ ಕಡೆಯೇ ಒಂದು ವಿಷಯ ಇಬ್ಬರಿಗೂ ತಿಳಿಯುತ್ತಿತ್ತು, ಬಾಯಿಬಿಟ್ಟು ಆಡಲಿಲ್ಲ. ದನಿ ದೂರ ಹೋಗುತ್ತಿತ್ತು. ‘ಮೊದಲ ವರ್ಷ ಎದುರಿಗೇ ಕೂತ ಹಾಗಿತ್ತು. ಆಮೇಲೆ ಎದ್ದು ಪಕ್ಕದ ಕೋಣೆಗೆ ಹೋದ ಹಾಗೆ. ಹೋದ ವರ್ಷ ಬೀದಿಯ ಆ ತುದಿಯಿಂದ ಕರೆದ ಹಾಗೆ.’

ಕಳೆದ ತಿಂಗಳು ಒಂದು ಮಧ್ಯಾಹ್ನ ಬಸ್ ಕಂಡಕ್ಟರ್ ಹೆಂಗಸೊಬ್ಬರು ಸಮವಸ್ತ್ರದಲ್ಲೇ ಮೆಟ್ಟಿಲಿಳಿದು ಬಂದರು. ವಯಸ್ಸು ಐವತ್ತಾರು. ಗುಜರಿಯವನು ಇಲ್ಲಿಗೆ ಕಳಿಸಿದ್ದ. ‘ಅಣ್ಣಾ, ಲೇಬಲ್ ಇಲ್ಲದ ಒಂದು ತಟ್ಟೆ. ನಡುವೆ ಎರಡು ತೂತು. ಅಪ್ಪ ತೀರಿಕೊಂಡಾಗ ನಾನು ಡ್ಯೂಟಿಯಲ್ಲಿದ್ದೆ, ಮನೆ ಖಾಲಿ ಮಾಡಿದವರು ಎಲ್ಲ ಎತ್ತಿ ಕೊಟ್ಟುಬಿಟ್ರು. ಏಳು ವರ್ಷದಿಂದ ಕೇಳದ ಅಂಗಡಿ ಇಲ್ಲ.’

ಅದರಲ್ಲಿರುವುದು ಅವರ ತಾಯಿಯ ದನಿ. ಎದೆ ಕಾಯಿಲೆಗೆ ದೂರದ ಆಸ್ಪತ್ರೆಗೆ ಹೊರಡುವ ಮುನ್ನ ಸ್ಟುಡಿಯೋದಲ್ಲಿ ಕೂತು, ನಾಲ್ಕು ವರ್ಷದ ಮಗಳು ಉತ್ತರ ಹೇಳಲೆಂದು ಜಾಗ ಬಿಟ್ಟು ಬಿಟ್ಟು ಮಾತಾಡಿದ್ದರು. ತಾಯಿ ತಿರುಗಿ ಬರಲಿಲ್ಲ. ‘ಅಪ್ಪ ದಿನಾ ಬೆಳಿಗ್ಗೆ ಹಾಕೋರು. ಆಮೇಲಾಮೇಲೆ ತಟ್ಟೆ ಹಾಕದೆ ಇದ್ದಾಗ್ಲೂ ನಾನು ಉತ್ತರ ಹೇಳ್ತಾ ಓಡಾಡೋಕೆ ಶುರು ಮಾಡಿದೆನಂತೆ. ಅಪ್ಪ ಹೆದರಿ ಅಟ್ಟಕ್ಕೆ ಹಾಕ್ಬಿಟ್ರು.’

ಪ್ಲೇಟಣ್ಣ ಕೈಯಲ್ಲಿದ್ದ ಬಟ್ಟೆ ಮಡಿಚಿದರು. ಕೊಟ್ಟರೆ, ಸವೆಸಿದ್ದು ತಾನೇ ಎಂದು ಒಪ್ಪಿಕೊಳ್ಳಬೇಕು. ‘ಇಲ್ಲಮ್ಮ, ನನ್ನ ಹತ್ರ ಬಂದಿಲ್ಲ,’ ಅಂದರು. ಕಂಡಕ್ಟರಮ್ಮ ತಲೆಯಾಡಿಸಿ ಮೆಟ್ಟಿಲು ಹತ್ತಿದರು. ಹೆಂಡತಿ ಒಳಗಿನಿಂದ ಬಂದು, ಆ ಪ್ಲೇಟು ಇಟ್ಟಿದ್ದ ಕಡೆ ಒಮ್ಮೆ ನೋಡಿ ತಿರುಗಿ ಹೋದರು. ಬೈದಿದ್ದರೆ ವಾಸಿಯಿತ್ತು.

ಮುಂದಿನ ರಜೆಯ ಬೆಳಿಗ್ಗೆ ಪ್ಲೇಟು ಹಾಕಿದರು. ಕೊನೆಯ ಪ್ರಶ್ನೆ ಎಲ್ಲೋ ಬಲು ದೂರದಿಂದ ಬಂತು. ಪಕ್ಕದಲ್ಲಿ ಯಾರು ಕೂತಿದ್ದಾರೆ?  ಯಾರೂ ಉತ್ತರ ಕೊಡಲಿಲ್ಲ. ಆದರೂ, ‘ಹೌದಾ? ಹಾಗಿದ್ರೆ ಸರಿ,’ ಅಂದಿತು ಆ ದನಿ. ‘ಆಗ ಗೊತ್ತಾಯ್ತು. ಏಳು ವರ್ಷ ಆಕೆ ನನ್ನ ಜೊತೆ ಮಾತಾಡೇ ಇರಲಿಲ್ಲ. ಬೇರೆಯವರ ಮನೆ ಬಾಗಿಲಲ್ಲಿ ನಿಂತು ಒಳಗಿನ ಮಾತಿಗೆ ಹೂಂಗುಟ್ಟುತ್ತಾ ಇದ್ದೆ.’ ಅಂದೇ ಡಿಪೋಗೆ ನಡೆದು ಹೋಗಿ ಕಂಡಕ್ಟರಮ್ಮನನ್ನು ಕರೆತಂದರು. ‘ತಪ್ಪಾಯ್ತು ತಾಯಿ. ಸುಳ್ಳು ಹೇಳಿದೆ. ಪ್ಲೇಟು ಇದೆ. ಆದ್ರೆ ನಿಮ್ಮಮ್ಮನ್ನ ನಾನೇ ಸವೆಸಿಬಿಟ್ಟಿದ್ದೀನಿ. ಬಿಟ್ಟ ಜಾಗದಲ್ಲೆಲ್ಲ ನಾನೇ ಉತ್ತರಾನೂ ಕೊಟ್ಕೊಂಡು ಕೂತಿದ್ದೆ.’

ಆಕೆ ಚೀಲವನ್ನು ಮಡಿಲಿಗೆ ಎಳೆದುಕೊಂಡು ಕೂತರು. ‘ಹಾಕಿ,’ ಅಂದರು.

‘ಮೊಬೈಲ್ ತೆಗೆದು ಹಿಡ್ಕೊಳ್ಳಿ,’ ಅಂದರು ಪ್ಲೇಟಣ್ಣ. ಜೀವಮಾನದಲ್ಲಿ ಮೊದಲ ಸಲ ಆಡಿದ ಮಾತು. ಹೊಸ ಮುಳ್ಳು ಸಿಕ್ಕಿಸಿ ಸೂಜಿ ಇಳಿಸಿದರು. ತಡವಾಗಿತ್ತು. ‘ಪುಟ್ಟೀ’ ಎನ್ನುವಷ್ಟರಲ್ಲಿ ಲೇಪ ಚಕ್ಕೆಯಾಗಿ ಎದ್ದಿತು, ಕೆಳಗಿನ ತಗಡು ಬೆಳ್ಳಗೆ ಹಲ್ಲು ಕಿರಿಯಿತು. ಮುಂದಕ್ಕೆ ಬರೀ ಸರ್ರ್ ಎಂಬ ಸದ್ದು. ಮೊಬೈಲಿಗೆ ಸಿಕ್ಕಿದ್ದೂ ಅಷ್ಟೇ. ಕಂಡಕ್ಟರಮ್ಮ ಅಳಲಿಲ್ಲ, ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡು ಕೂತೇ ಇದ್ದರು.

ಪ್ಲೇಟಣ್ಣ ಸೂಜಿ ಎತ್ತಿಟ್ಟು, ಎದ್ದು ದೀಪ ಆರಿಸಿದರು.

‘ಪುಟ್ಟೀ, ಎದ್ದೆಯಾ?’

ಬಾಗಿಲಲ್ಲಿದ್ದ ಹೆಂಡತಿ ಚೌಕಟ್ಟನ್ನು ಹಿಡಿದುಕೊಂಡರು. ‘ಇವರ ದನೀನೇ ಅಲ್ಲ ಅದು. ನಲವತ್ತೆಂಟು ವರ್ಷ ಸಂಸಾರ ಮಾಡಿದ್ದೀನಿ, ನನಗೆ ಗೊತ್ತಿಲ್ವಾ?’ ಅನ್ನುತ್ತಾರೆ ಈಗಲೂ, ದನಿ ತಗ್ಗಿಸಿ.  ಕತ್ತಲಲ್ಲಿ, ದಿನವಿಡೀ ಬಸ್ಸಿನಲ್ಲಿ ಕೂಗಿ ಒಡೆದ ಕಂಠದಲ್ಲಿ, ‘ಎದ್ದೆ’ ಎಂಬ ಉತ್ತರ ಬಂತು. ‘ಜಾಣೆ. ಮುಖ ತೊಳೆದೆಯಾ?’ ‘ತೊಳೆದೆ.’ ಕೆಮ್ಮು ಬರಬೇಕಾದಲ್ಲಿ ಕೆಮ್ಮು ಬಂತು. ನಗು ಬರಬೇಕಾದಲ್ಲಿ ನಗು ಬಂತು. ಮೂರು ನಿಮಿಷ, ಕೊನೆಯವರೆಗೆ.

ಈಗ ಕಂಡಕ್ಟರಮ್ಮ ವಾರಕ್ಕೊಂದು ಬೆಳಿಗ್ಗೆ, ಮೊದಲ ಬಸ್ಸು ಹೊರಡುವ ಮುನ್ನ ಬರುತ್ತಾರೆ. ಮೊಬೈಲು ಹೊರಗೆ ತೆಗೆಯುವುದಿಲ್ಲ. ಪ್ಲೇಟಣ್ಣನೂ ಹಿಡಿದುಕೊಳ್ಳಿ ಎಂದು ಹೇಳುವುದಿಲ್ಲ. ಆಕೆ ಹೋದ ಮೇಲೆ ಇವರು ಗಂಟಲಿಗೆಂದು ಬಿಸಿನೀರು ಕುಡಿದು ಬೇಸಿನ್ ಮುಂದೆ ಕೂರುತ್ತಾರೆ.

ಇನ್ನೇನು ಬೇಕು ಎಂದು ಕೇಳಿದರೆ, ಒದ್ದೆ ಕೈಯನ್ನು ಬಟ್ಟೆಗೆ ಒರೆಸುತ್ತಾ ಹೇಳುತ್ತಾರೆ: ‘ಹಲ್ಲು ಬಿದ್ರೆ ಬೀಳಲಿ, ಗಂಟಲೊಂದು ಕಟ್ಟದೆ ಇರಲಿ. ಆ ತಾಯಿ ಎಲ್ಲೆಲ್ಲಿ ಉಸಿರು ಎಳ್ಕೊಂಡ್ರು ಅನ್ನೋದು ಭೂಮಿ ಮೇಲೆ ನನಗೊಬ್ಬನಿಗೇ ಗೊತ್ತಿರೋದು.’