ಆ ಎರಡು ಚಮಚ ತುಪ್ಪ

ಆ ತುಪ್ಪ ತಿಂದವನು ನಾನೇ. ಕೇಳಿ ತಿಂದೆ. ಅದರ ತಪ್ಪನ್ನು ನನ್ನ ಹೆಂಡತಿ ಜಯಶೀಲ ನಾಲ್ಕು ವರ್ಷ ಹೊತ್ತಳು — ನಾನು ಹೊರಲು ಬಿಟ್ಟೆ.

ಮೈಸೂರಿನ ಆಸ್ಪತ್ರೆಯೊಂದರಲ್ಲಿ ನನ್ನ ಮೇದೋಜೀರಕ ಗ್ರಂಥಿಯ ಗಡ್ಡೆ ತೆಗೆದಿದ್ದರು. ಗಂಜಿ, ಹಾಲು ಶುರುವಾದ ಮೇಲೆ ಒಳಗಿನ ನೀರು ಹೊರಬರಲೆಂದು ಹೊಟ್ಟೆಗೆ ಹಾಕಿದ್ದ ನಳಿಕೆಯಲ್ಲಿ ಬೆಳ್ಳಗೆ ಹಾಲಿನಂಥದ್ದು ಇಳಿಯತೊಡಗಿತು. ಒಳಗೆ ದುಗ್ಧರಸದ ನಾಳವೊಂದು ಸೋರುತ್ತಿದೆ, ತಿಂದ ಜಿಡ್ಡು ಅಲ್ಲಿಂದ ಹೊರಬರುತ್ತಿದೆ ಎಂದರು ಡಾಕ್ಟರು. ಎಣ್ಣೆ, ತುಪ್ಪ, ಹಾಲು — ಒಂದು ತೊಟ್ಟೂ ಕೂಡದು. ಆಗ ನಾಳ ತಾನಾಗಿ ಮುಚ್ಚಿಕೊಳ್ಳುತ್ತದೆ. ಜಯಶೀಲ ಆಸ್ಪತ್ರೆಯ ಹತ್ತಿರವೇ ಕೋಣೆ ಹಿಡಿದು, ಒಗ್ಗರಣೆಯಿಲ್ಲದ ಸಾರು, ಬೇಯಿಸಿದ ತರಕಾರಿ, ಮೆತ್ತಗಿನ ಅನ್ನ ಮಾಡಿ ತಂದಳು. ಹತ್ತು ದಿನಕ್ಕೆ ನಳಿಕೆಯ ನೀರು ತಿಳಿಯಾಯಿತು. ಇನ್ನೆರಡು ದಿನಕ್ಕೆ ಮನೆಗೆ ಕಳಿಸುವುದೆಂದಾಯಿತು. ನಾಗಮಂಗಲದಲ್ಲಿ ಅವಳ ತಂಗಿಯ ಮದುವೆಯಿತ್ತು; ಹೊರಡುವ ಹುರುಪಿನಲ್ಲಿದ್ದಳು.

ಆ ಮಧ್ಯಾಹ್ನ ಪಾಂಡವಪುರದಿಂದ ಅವ್ವ ಬಂದಳು. ಜಯಶೀಲ ಬಟ್ಟೆ ಒಗೆಯಲು ಹೋಗಿದ್ದಳು. ನಾಲಿಗೆ ಸತ್ತುಹೋಗಿದೆ, ಏನಾದರೂ ತಂದಿದ್ದೀಯಾ ಎಂದು ಅವ್ವನನ್ನು ಕೇಳಿದೆ. ತಂದಿದ್ದಳು — ಮುದ್ದೆ, ಬಸ್ಸಾರು, ಮನೆಯ ತುಪ್ಪ.

"ಎಲ್ಡ್ ಚಮ್ಚಕ್ಕೆ ಏನಾದದು, ತಿನ್ನು ಮಗಾ."

ತಿಂದೆ. ಬೆರಳೂ ನೆಕ್ಕಿದೆ.

ಮರುದಿನ ಬೆಳಿಗ್ಗೆ ನಳಿಕೆ ಮತ್ತೆ ಬೆಳ್ಳಗಾಗಿತ್ತು. ಡಾಕ್ಟರು ಗದರಿದ್ದು ಜಯಶೀಲಳನ್ನು. "ನಾನ್ ಏನೂ ಕೊಟ್ಟಿಲ್ಲ ಸಾರ್" ಎಂದಳು. ಬಾಗಿಲ ಬಳಿ ನಿಂತಿದ್ದ ಅವ್ವ ಅಂದಳು: "ಅಡ್ಗೆ ಮಾಡೋಳು ಅವ್ಳೇ. ಇನ್ಯಾರ್ ಕೊಟ್ಟಾರು?"

ಜಯಶೀಲ ನನ್ನ ಕಡೆ ನೋಡಿದಳು. ನಾನು — ಕಣ್ಣು ಮುಚ್ಚಿಕೊಂಡೆ. ನಿದ್ದೆ ಬಂದವನ ಹಾಗೆ.

ಬಾಯಿಯ ಊಟ ನಿಂತಿತು. ಎರಡು ವಾರ ರಕ್ತನಾಳದ ಮೂಲಕವೇ ಆಹಾರ. ತಂಗಿಯ ಧಾರೆ ಅವಳಿಲ್ಲದೆ ನಡೆಯಿತು.

ನಾನು ಗುಣವಾದೆ. ಗಂಡನನ್ನು ಕೊಲ್ಲಲು ಹೊರಟಿದ್ದಳು ಎಂದು ಅವ್ವ ಕಂಡವರಿಗೆಲ್ಲ ಹೇಳಿದಳು. ಜಯಶೀಲ ಎದುರಾಡಲಿಲ್ಲ. ಆದರೆ ಅಂದಿನಿಂದ ನನಗೆ ಬಡಿಸಿಲ್ಲ. ಪಾತ್ರೆಗಳನ್ನು ಮುಂದಿಟ್ಟು ಎದ್ದುಹೋಗುತ್ತಾಳೆ.

ಹೋದ ತಿಂಗಳು ಕೆ.ಆರ್. ಪೇಟೆಯಲ್ಲಿ ತಮ್ಮನ ಮಗುವಿನ ನಾಮಕರಣ. ಊಟಕ್ಕೆ ಕೂತಾಗ ಅವ್ವ ಬೀಗರಿಗೆ ಅದೇ ಕತೆ ತೆಗೆದಳು. ನಾನು ಎಲೆ ಬಿಟ್ಟು ಎದ್ದೆ.

"ತಂದೋಳು ನೀನು ಕಣವ್ವ. ಕೇಳಿ ತಿಂದೋನು ನಾನು. ಅವ್ಳ್ ಏನೂ ಮಾಡ್ನಿಲ್ಲ."

ತಮ್ಮ ರಟ್ಟೆ ಹಿಡಿದೆಳೆದ. ವಯಸ್ಸಾದ ಅವ್ವನ ಮರ್ಯಾದೆಯನ್ನು ನಾಲ್ಕು ಜನರ ಮುಂದೆ ತೆಗೆಯುವುದೇ ಎಂದ. ಜಯಶೀಲಳ ಮರ್ಯಾದೆ ತೆಗೆದದ್ದು ಗುಟ್ಟಾಗಿಯೇ? ಅವ್ವ ಈಗ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಬಿಡಲಿ. ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವವನಲ್ಲ ನಾನು.

ಬಸ್ಸಿನಲ್ಲಿ ವಾಪಸ್ಸು ಬರುವಾಗ ಜಯಶೀಲ ಕೇಳಿದಳು: "ಅವತ್ತೇ ಯಾಕ್ ಹೇಳ್ನಿಲ್ಲ?"

ಹೆದರಿದೆ ಅನ್ನಬಹುದಿತ್ತು — ಅದೂ ನೆಪವೇ. ಕ್ಷಮಿಸು ಎನ್ನಲು ಇನ್ನೂ ಬಾಯಿ ಬಂದಿಲ್ಲ. ಅವಳು ಕ್ಷಮಿಸಬೇಕೆಂದೂ ಇಲ್ಲ. ಆದರೆ ಇನ್ನು ಯಾರ ಮನೆಯಲ್ಲೇ ಆಗಲಿ, ಯಾರೇ ಅವಳ ಮೇಲೆ ಆ ಮಾತೆತ್ತಲಿ — ನಾನು ಎದ್ದು ನಿಲ್ಲುತ್ತೇನೆ.